ಮೂಳೆ ಹೇಳುವಷ್ಟೇ ಹೇಳಬೇಕು

ಜೈವಿಕ ಮಾನವಶಾಸ್ತ್ರಜ್ಞರು ಅಂದ ಕೂಡಲೇ ಮಣ್ಣು ಅಗೆದು ತಲೆಬುರುಡೆ ಎತ್ತಿ ಹಿಡಿದವರ ಚಿತ್ರ ಬಹಳ ಜನರ ಕಣ್ಣ ಮುಂದೆ ಬರುತ್ತದೆ. ಅಗೆತ ನಮ್ಮ ಕೆಲಸದ ಸಣ್ಣ ಪಾಲು ಮಾತ್ರ. ನಮ್ಮಲ್ಲಿ ಕೆಲವರು ವರ್ಷಗಟ್ಟಲೆ ಕಾಡಿನಲ್ಲಿ ಕೂತು ಮಂಗಗಳನ್ನೋ ಚಿಂಪಾಂಜಿಗಳನ್ನೋ ಗಮನಿಸುತ್ತಾರೆ. ಕೆಲವರು ಮಕ್ಕಳ ಎತ್ತರ, ತೂಕ, ತೋಳಿನ ಸುತ್ತಳತೆ ತೆಗೆಯುತ್ತಾರೆ. ಕೆಲವರ ಕೆಲಸವೆಲ್ಲ ಡಿಎನ್‌ಎ ಪ್ರಯೋಗಾಲಯದ ಒಳಗೇ ನಡೆಯುತ್ತದೆ. ಇನ್ನು ಕೆಲವರ ಮೇಜಿಗೆ ಪೊಲೀಸರು ಪೆಟ್ಟಿಗೆಯಲ್ಲಿ ಮೂಳೆ ತಂದಿಡುತ್ತಾರೆ. ಇವರೆಲ್ಲ ಕೇಳುವ ಪ್ರಶ್ನೆ ಒಂದೇ: ಮನುಷ್ಯನ ದೇಹ ಹೀಗಿರುವುದು ಯಾಕೆ, ಬದುಕು ಅದರ ಮೇಲೆ ಏನೇನು ಗುರುತು ಬಿಟ್ಟು ಹೋಗುತ್ತದೆ?

ನಾನು ಮೂಳೆಗಳ ಕಡೆಯವಳು, ಹಾಗಾಗಿ ಇವತ್ತಿನ ಮಾತು ಹೆಚ್ಚಾಗಿ ಮೂಳೆಯ ಬಗ್ಗೆಯೇ. ಮೂಳೆ ಹೇಳುವುದನ್ನು ಕೇಳಿಸಿಕೊಳ್ಳುವುದು ಕಷ್ಟದ ಕೆಲಸ. ಅದು ಹೇಳದೇ ಇದ್ದದ್ದನ್ನು ನಾವಾಗಿ ಅದರ ಬಾಯಿಂದ ಹೇಳಿಸದೇ ಇರುವುದು ಇನ್ನೂ ಕಷ್ಟ. ನಮ್ಮ ಶಾಸ್ತ್ರದ ಹೆಸರಿನಲ್ಲಿ ನಡೆದ ದೊಡ್ಡ ಅನ್ಯಾಯಗಳ ಹಿಂದೆ ಈ ಎರಡನೆಯ ತಪ್ಪು ಇದೆ. ಅದನ್ನು ನಿಮಗೆ ಉದಾಹರಣೆಗಳ ಮೂಲಕ ತೋರಿಸಬೇಕು ಅನ್ನುವುದು ನನ್ನ ಆಸೆ.

ಮೊದಲು ಒಂದು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ. ಮೂಳೆ ಜೀವಂತ ಅಂಗಾಂಶ. ನೀವು ಇಲ್ಲಿ ಕೂತಿರುವಾಗಲೂ ನಿಮ್ಮ ಮೂಳೆಯ ಒಂದೊಂದು ಚೂರು ಕರಗುತ್ತಿದೆ, ಅದರ ಜಾಗದಲ್ಲಿ ಹೊಸದು ಕೂಡುತ್ತಿದೆ. ಪಕ್ಕೆಲುಬು ಬೇಗ ಹೊಸದಾಗುತ್ತದೆ, ತೊಡೆಮೂಳೆಗೆ ಹತ್ತು ವರ್ಷಕ್ಕೂ ಹೆಚ್ಚು ಬೇಕು. ಹಾಗಾಗಿ ಪಕ್ಕೆಲುಬಿನ ರಾಸಾಯನಿಕ ಪರೀಕ್ಷೆ ಮಾಡಿದರೆ ಆ ವ್ಯಕ್ತಿಯ ಕೊನೆಯ ಕೆಲವು ವರ್ಷಗಳ ಆಹಾರ ಗೊತ್ತಾಗುತ್ತದೆ, ತೊಡೆಮೂಳೆಯಲ್ಲಿ ಇನ್ನೂ ಉದ್ದದ ಅವಧಿ ಸಿಗುತ್ತದೆ. ಹಲ್ಲಿನ ಎನಾಮೆಲ್, ಅಂದರೆ ಹೊರಗಿನ ಗಟ್ಟಿ ಹೊದಿಕೆ, ಮಾತ್ರ ಹಾಗಲ್ಲ. ಅದು ಒಮ್ಮೆ ಕಟ್ಟಿತೆಂದರೆ ಮುಗಿಯಿತು, ಮತ್ತೆ ಬದಲಾಗುವುದಿಲ್ಲ. ಮೊದಲ ದವಡೆ ಹಲ್ಲಿನ ಮೇಲ್ಭಾಗ ಮಗು ಹುಟ್ಟುವ ಹೊತ್ತಿಗೆ ಕಟ್ಟಲು ಶುರುವಾಗಿ ಸುಮಾರು ಮೂರು ವರ್ಷಕ್ಕೆ ಪೂರ್ತಿಯಾಗುತ್ತದೆ. ಬುದ್ಧಿಹಲ್ಲಿನದು ಎಂಟೊಂಬತ್ತನೇ ವಯಸ್ಸಿಗೆ ಶುರುವಾಗಿ ಹದಿಹರೆಯದಲ್ಲಿ ಮುಗಿಯುತ್ತದೆ. ಅಂದರೆ ಎಂಬತ್ತು ವರ್ಷ ಬದುಕಿದ ಅಜ್ಜಿಯೊಬ್ಬರ ದವಡೆಯಲ್ಲಿ ಅವರ ಎರಡನೇ ವರ್ಷವೂ ಇದೆ, ಹನ್ನೆರಡನೇ ವರ್ಷವೂ ಇದೆ.

ಇದನ್ನು ಓದುವುದು ಹೇಗೆ? ಒಂದು ದಾರಿ ಸ್ಟ್ರಾನ್ಷಿಯಂ ಅನ್ನುವ ಧಾತು. ನೆಲದಡಿಯ ಬಂಡೆ ಯಾವ ಬಗೆಯದು, ಎಷ್ಟು ಹಳೆಯದು ಅನ್ನುವುದರ ಮೇಲೆ ಆ ಊರಿನ ಮಣ್ಣು, ನೀರು, ಬೆಳೆಗಳಲ್ಲಿ ಸ್ಟ್ರಾನ್ಷಿಯಂ ಐಸೊಟೋಪುಗಳ, ಅಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳ, ಪ್ರಮಾಣ ಬೇರೆ ಬೇರೆ ಇರುತ್ತದೆ. ಮಗು ತಿಂದದ್ದು ಕುಡಿದದ್ದು ಅದರ ಹಲ್ಲಿಗೆ ಸೇರುತ್ತದೆ. ಹಲ್ಲಿನ ಅಂಕಿ ಹೂತ ಜಾಗದ ಅಂಕಿಗೆ ಹೊಂದದಿದ್ದರೆ ಆ ವ್ಯಕ್ತಿ ಬಾಲ್ಯ ಕಳೆದದ್ದು ಬೇರೆ ಕಡೆ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸಿಕ್ಕ, 5 ಸಾವಿರ ವರ್ಷಕ್ಕೂ ಹಳೆಯ ಏಟ್ಸಿ ಎಂಬ ಮನುಷ್ಯನ ಹಲ್ಲು ಮತ್ತು ಮೂಳೆಗಳನ್ನು ಹೀಗೆ ಪರೀಕ್ಷಿಸಿದಾಗ, ಅವನ ಇಡೀ ಬದುಕು ಶವ ಸಿಕ್ಕ ಜಾಗದಿಂದ ಸುಮಾರು 60 ಕಿಲೋಮೀಟರ್ ಒಳಗಿನ ಕಣಿವೆಗಳಲ್ಲೇ ಕಳೆದಿತ್ತು ಅಂತ ತಿಳಿಯಿತು.

ಇನ್ನೊಂದು ದಾರಿ ನನಗೆ ತುಂಬಾ ಪ್ರಿಯವಾದದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎನಾಮೆಲ್ ದಿನದಿನವೂ ಒಂದೊಂದು ತೆಳು ಪದರವಾಗಿ ಕೂಡುತ್ತಾ ಬರುತ್ತದೆ. ಹಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದ ಅಡಿ ಇಟ್ಟರೆ ಆ ದಿನಗಳನ್ನು ಎಣಿಸಬಹುದು. ಹಾಲುಹಲ್ಲಿನಲ್ಲಿ ಒಂದು ಕಡೆ ಉಳಿದವಕ್ಕಿಂತ ಗಾಢವಾದ ಗೆರೆ ಕಾಣುತ್ತದೆ. ಅದು ಹೆರಿಗೆಯ ಗುರುತು. ತಾಯಿಯ ಹೊಟ್ಟೆಯಿಂದ ಹೊರಗೆ ಬಂದು, ತಾನೇ ಉಸಿರಾಡಿ, ತಾನೇ ಹಾಲು ಕುಡಿಯಲು ಕಲಿಯುವ ಆ ಹೊತ್ತಿನ ಒತ್ತಡಕ್ಕೆ ಎನಾಮೆಲ್ ಕಟ್ಟುವ ಕೆಲಸ ಒಂದು ಕ್ಷಣ ಏರುಪೇರಾಗುತ್ತದೆ. ಸಾವಿರಾರು ವರ್ಷ ಹಿಂದಿನ ಶಿಶುವಿನ ಹಲ್ಲಿನಲ್ಲಿ ಆ ಗೆರೆ ಇದ್ದು, ಅದರಾಚೆ ಇನ್ನಷ್ಟು ಎನಾಮೆಲ್ ಇದ್ದರೆ, ಆ ಮಗು ಜೀವಂತವಾಗಿ ಹುಟ್ಟಿತ್ತು, ಕೆಲವು ದಿನವಾದರೂ ಬದುಕಿತ್ತು ಅಂತ ಹೇಳಬಹುದು. ಹೆಸರಿಲ್ಲದ, ಯಾವ ಬರಹದಲ್ಲೂ ದಾಖಲಾಗದ ಮಗುವಿನ ಬಗ್ಗೆ ಇಷ್ಟು ಹೇಳಲು ಸಾಧ್ಯವಾಗುವುದು ನನಗೆ ಇವತ್ತಿಗೂ ದೊಡ್ಡ ವಿಷಯ.

ಈಗ ಕಷ್ಟದ ಭಾಗಕ್ಕೆ ಬರೋಣ. ಮಗು ತೀವ್ರ ಜ್ವರದಲ್ಲಿ ಮಲಗಿದರೆ, ತಿಂಗಳುಗಟ್ಟಲೆ ಸರಿಯಾಗಿ ಊಟ ಸಿಗದಿದ್ದರೆ, ಆಗ ಕಟ್ಟುತ್ತಿದ್ದ ಶಾಶ್ವತ ಹಲ್ಲಿನ ಮೇಲೆ ಅಡ್ಡಡ್ಡ ತಗ್ಗು ಗೆರೆ ಬೀಳುತ್ತದೆ. ಉಗುರು ಆಡಿಸಿದರೆ ಕೈಗೆ ಸಿಗುತ್ತದೆ. ಗೆರೆ ಹಲ್ಲಿನ ಯಾವ ಎತ್ತರದಲ್ಲಿದೆ ಎಂದು ಅಳೆದು ಅದು ಸುಮಾರು ಎಷ್ಟನೇ ವಯಸ್ಸಿನದು ಅಂತ ಲೆಕ್ಕ ಹಾಕಬಹುದು. ಜ್ವರವೋ ಹಸಿವೋ ಅಂತ ಮಾತ್ರ ಗೆರೆ ಹೇಳುವುದಿಲ್ಲ.

ಒಂದು ಸ್ಮಶಾನದಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಇಂಥ ಗೆರೆಗಳು ಹೆಚ್ಚಿವೆ, ಇನ್ನೊಂದರಲ್ಲಿ ಕಡಿಮೆ ಇವೆ ಅಂದುಕೊಳ್ಳಿ. ಎಲ್ಲಿನ ಜನ ಹೆಚ್ಚು ಆರೋಗ್ಯವಾಗಿದ್ದರು? ಗೆರೆ ಕಡಿಮೆ ಇರುವ ಕಡೆ ಅಂತ ಯಾರಾದರೂ ಹೇಳುತ್ತಾರೆ. ನಮ್ಮವರೂ ಬಹಳ ಕಾಲ ಹಾಗೇ ಹೇಳುತ್ತಿದ್ದರು. 1992ರಲ್ಲಿ ಜೇಮ್ಸ್ ವುಡ್ ಮತ್ತು ಸಂಗಡಿಗರು ಒಂದು ಲೇಖನ ಬರೆದು ಈ ನಂಬಿಕೆಯನ್ನು ಅಲುಗಾಡಿಸಿದರು. ಅವರ ವಾದ ಹೀಗೆ. ಮೂವರು ಮಕ್ಕಳಿದ್ದಾರೆ. ಒಬ್ಬನಿಗೆ ಕಾಯಿಲೆಯೇ ಬರಲಿಲ್ಲ. ಇನ್ನೊಬ್ಬನಿಗೆ ಬಂತು, ತಿಂಗಳುಗಟ್ಟಲೆ ನರಳಿ ಗುಣವಾದ. ಮೂರನೆಯವನಿಗೂ ಬಂತು, ನಾಲ್ಕೇ ದಿನದಲ್ಲಿ ತೀರಿಕೊಂಡ. ಹಲ್ಲಿನ ಮೇಲೆ ಗೆರೆ ಮೂಡಲು ಸಮಯ ಬೇಕು, ಮೂಡಬೇಕಾದರೆ ಮಗು ಬದುಕಿರಬೇಕು. ಹಾಗಾಗಿ ಗೆರೆ ಕಾಣುವುದು ಎರಡನೆಯವನಲ್ಲಿ ಮಾತ್ರ. ಎಲ್ಲರಿಗಿಂತ ಗಟ್ಟಿಯಾಗಿದ್ದವನು ಮತ್ತು ಎಲ್ಲರಿಗಿಂತ ದುರ್ಬಲನಾಗಿದ್ದವನು, ಇಬ್ಬರ ಮೂಳೆಯೂ ಒಂದೇ ರೀತಿ ಸ್ವಚ್ಛವಾಗಿ ಕಾಣುತ್ತದೆ! ಗಾಯದ ಗುರುತು ಇರುವುದು ಕೆಲವೊಮ್ಮೆ ತಡೆದುಕೊಂಡು ಉಳಿದವನ ಲಕ್ಷಣ. ಇದರ ಜೊತೆಗೆ ಇನ್ನೊಂದು ತೊಡಕೂ ಇದೆ. ನಮ್ಮ ಕೈಗೆ ಸಿಗುವ ಹತ್ತು ವರ್ಷದ ಮಕ್ಕಳೆಲ್ಲ ಹತ್ತನೇ ವರ್ಷದಲ್ಲಿ ಸತ್ತವರು. ಅವರ ಜೊತೆ ಆಡಿ, ದೊಡ್ಡವರಾಗಿ, ಮುದುಕರಾದವರು ಆ ಗುಂಪಿನಲ್ಲಿ ಇಲ್ಲ. ಸತ್ತ ಮಕ್ಕಳನ್ನು ನೋಡಿ ಬದುಕಿದ್ದ ಮಕ್ಕಳ ಬಗ್ಗೆ ಮಾತಾಡುವಾಗ ಎಷ್ಟು ಎಚ್ಚರ ಬೇಕು ಅಂತ ನೀವೇ ಯೋಚಿಸಿ.

ಇದೇ ಸಂದರ್ಭಕ್ಕೆ ಜಾರ್ಜಿಯಾ ದೇಶದ ದ್ಮಾನಿಸಿಯಲ್ಲಿ ಸಿಕ್ಕ ಆದಿಮಾನವನ ಒಂದು ಬುರುಡೆ ನೆನಪಾಗುತ್ತದೆ. ಸುಮಾರು 17 ಲಕ್ಷ 70 ಸಾವಿರ ವರ್ಷ ಹಿಂದಿನದು. ಒಂದೇ ಒಂದು ಕೋರೆಹಲ್ಲು ಬಿಟ್ಟರೆ ಉಳಿದೆಲ್ಲ ಹಲ್ಲೂ ಸಾಯುವ ಮೊದಲೇ ಬಿದ್ದುಹೋಗಿದ್ದವು. ಸಾಯುವ ಮೊದಲೇ ಅಂತ ಗೊತ್ತಾಗುವುದು ಹೇಗೆಂದರೆ, ಹಲ್ಲು ಕೂತಿದ್ದ ಗುಳಿಗಳು ಮೂಳೆ ತುಂಬಿ ಮುಚ್ಚಿಹೋಗಿವೆ, ದವಡೆ ಸವೆದು ತೆಳ್ಳಗಾಗಿದೆ. ಅದಕ್ಕೆ ವರ್ಷಗಳೇ ಬೇಕು. ಹಲ್ಲಿಲ್ಲದ ಮುದುಕನನ್ನು ಯಾರೋ ಮೆತ್ತಗೆ ಜಜ್ಜಿ ತಿನ್ನಿಸಿ ಸಾಕಿದರು ಅಂತ ಅನ್ನಿಸುವುದು ಸಹಜ, ಹಾಗೆ ವಾದಿಸುವವರೂ ಇದ್ದಾರೆ. ಹಲ್ಲು ಕಳೆದುಕೊಂಡ ಚಿಂಪಾಂಜಿಗಳೂ ಕಾಡಿನಲ್ಲಿ ತಾವಾಗಿಯೇ ಬದುಕಿದ್ದನ್ನು ತೋರಿಸಿ ಅದನ್ನು ಒಪ್ಪದವರೂ ಇದ್ದಾರೆ. ಹಲ್ಲು ಹೋದಮೇಲೂ ಬದುಕಿದ್ದ ಅನ್ನುವುದಕ್ಕೆ ಮೂಳೆಯ ಸಾಕ್ಷಿ ಇದೆ. ಯಾರು ನೋಡಿಕೊಂಡರು ಅನ್ನುವುದಕ್ಕೆ ಇಲ್ಲ.

ಇನ್ನು ಪೊಲೀಸರು ತರುವ ಪೆಟ್ಟಿಗೆಯ ವಿಷಯ. ಅವರು ಕೇಳುವುದು ನಾಲ್ಕು ಪ್ರಶ್ನೆ: ಗಂಡೋ ಹೆಣ್ಣೋ, ವಯಸ್ಸೆಷ್ಟು, ಎತ್ತರ ಎಷ್ಟು, ಸತ್ತು ಎಷ್ಟು ಕಾಲವಾಯಿತು. ಮೊದಲು ಎಲ್ಲ ಮೂಳೆಗಳನ್ನೂ ಮೇಜಿನ ಮೇಲೆ ದೇಹದ ಕ್ರಮದಲ್ಲಿ ಜೋಡಿಸುತ್ತೇವೆ. ದೊಡ್ಡವರಲ್ಲಿ 206 ಮೂಳೆ. ಎರಡು ಬಲ ತೊಡೆಮೂಳೆ ಸಿಕ್ಕರೆ ಪೆಟ್ಟಿಗೆಯಲ್ಲಿ ಇಬ್ಬರಿದ್ದಾರೆ ಅಂತ ಅರ್ಥ, ಕೆಲಸ ಮೊದಲಿನಿಂದ ಶುರು.

ಮಕ್ಕಳ ವಯಸ್ಸು ಹೇಳುವುದು ಸುಲಭ, ಹಲ್ಲು ಮೂಡುವ ಕ್ರಮವೇ ಹೇಳುತ್ತದೆ. ಹದಿಹರೆಯದಿಂದ ಇಪ್ಪತ್ತರ ದಶಕದವರೆಗೆ ಉದ್ದ ಮೂಳೆಗಳ ತುದಿಗಳು ಕೂಡಿಕೊಳ್ಳುವುದನ್ನು ನೋಡುತ್ತೇವೆ. ಕೊರಳೆಲುಬಿನ ಎದೆಯ ಕಡೆಯ ತುದಿ ಎಲ್ಲಕ್ಕಿಂತ ತಡವಾಗಿ, ಮೂವತ್ತರ ಹೊತ್ತಿಗೆ ಪೂರ್ತಿ ಕೂಡುತ್ತದೆ. ಅದಾದಮೇಲೆ ಬೆಳವಣಿಗೆ ಮುಗಿಯಿತು, ಉಳಿದದ್ದು ಸವೆತ. ಸವೆತ ಒಬ್ಬೊಬ್ಬರಲ್ಲಿ ಒಂದೊಂದು ಥರ. ಸೊಂಟದ ಎರಡು ಮೂಳೆಗಳು ಮುಂದೆ ಸೇರುವ ಜಾಗದಲ್ಲಿ ಒಂದು ಮೇಲ್ಮೈ ಇದೆ. ಎಳೆ ವಯಸ್ಸಿನಲ್ಲಿ ಅದರ ಮೇಲೆ ಏರಿಳಿತದ ಸಾಲುಗಳಿರುತ್ತವೆ. ವಯಸ್ಸಾಗುತ್ತಾ ಸಾಲುಗಳು ಮಾಸಿ, ಸುತ್ತ ಅಂಚು ಕಟ್ಟಿ, ಆಮೇಲೆ ಆ ಅಂಚೂ ಒಡೆಯುತ್ತದೆ. ಟಿ. ವಿಂಗೇಟ್ ಟಾಡ್ 1920ರಲ್ಲೇ ಇದನ್ನು ಹಂತಗಳಾಗಿ ವಿಂಗಡಿಸಿದರು. ಇವತ್ತು ಹೆಚ್ಚು ಬಳಕೆಯಲ್ಲಿರುವುದು 1990ರಲ್ಲಿ ಪ್ರಕಟವಾದ ಸೂಚಿ–ಬ್ರೂಕ್ಸ್ ಪದ್ಧತಿ, ಆರು ಹಂತಗಳದ್ದು. ಗಂಡಸಿನ ಮೂಳೆ ಐದನೇ ಹಂತದಲ್ಲಿದ್ದರೆ ಸರಾಸರಿ ವಯಸ್ಸು 45 ಚಿಲ್ಲರೆ. ನಾವು ವರದಿಯಲ್ಲಿ ಬರೆಯಬೇಕಾದ ಅಂಕಿ ಅದಲ್ಲ. ಆ ಹಂತದಲ್ಲಿರುವ ನೂರರಲ್ಲಿ 95 ಜನರನ್ನು ಒಳಗೊಳ್ಳುವ ವ್ಯಾಪ್ತಿ 27ರಿಂದ 66 ವರ್ಷ.

ಇಷ್ಟು ಅಗಲದ ಉತ್ತರ ಇಟ್ಟುಕೊಂಡು ಏನು ಮಾಡುವುದು ಅಂತ ತನಿಖಾಧಿಕಾರಿಗಳು ಬೇಸರಪಡುತ್ತಾರೆ. ಬೇರೆ ಮೂಳೆಗಳನ್ನೂ ಸೇರಿಸಿ ನೋಡಿ ವ್ಯಾಪ್ತಿಯನ್ನು ಸ್ವಲ್ಪ ಕಿರಿದು ಮಾಡುವುದು ಸಾಧ್ಯ. ಆದರೆ ಅವರನ್ನು ಸಮಾಧಾನಪಡಿಸಲು ಸಾಕ್ಷ್ಯವಿಲ್ಲದೆ ಕಿರಿದು ಮಾಡಬಾರದು. ಯಾಕೆ ಅಂದರೆ, ಕಾಣೆಯಾದವರ ಪಟ್ಟಿಯನ್ನು ಜಾಲಾಡುವುದು ನಾವು ಕೊಟ್ಟ ವಯಸ್ಸಿನ ಆಧಾರದ ಮೇಲೆ. ನಾನು ನಲವತ್ತರಿಂದ ಐವತ್ತು ಅಂತ ಬರೆದು, ಆ ಮನುಷ್ಯನಿಗೆ ನಿಜವಾಗಿ ಐವತ್ತೆಂಟು ಆಗಿದ್ದರೆ, ಅವನ ಕಡತವನ್ನು ಯಾರೂ ತೆರೆಯುವುದೇ ಇಲ್ಲ. ಅವನ ಹೆಂಡತಿ ಮಕ್ಕಳು ಇನ್ನಷ್ಟು ವರ್ಷ ಬಾಗಿಲು ನೋಡುತ್ತಾ ಕೂರುತ್ತಾರೆ. ವ್ಯಾಪ್ತಿ ಅಗಲವಾಗಿದ್ದರೆ ಹುಡುಕುವವರಿಗೆ ಕೆಲಸ ಹೆಚ್ಚು, ಅಷ್ಟೇ.

ಎತ್ತರದ್ದೂ ಇದೇ ಕಥೆ. ಮಿಲ್ಡ್ರೆಡ್ ಟ್ರಾಟರ್ ಮತ್ತು ಗೋಲ್ಡಿನ್ ಗ್ಲೆಸರ್ 1952ರಲ್ಲಿ ಕೊಟ್ಟ ಸೂತ್ರಗಳು ಜಗತ್ತಿನಾದ್ಯಂತ ಬಳಕೆಯಾದವು. ಎರಡನೇ ಮಹಾಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಮೂಳೆಗಳನ್ನು, ಅವರು ಸೇನೆಗೆ ಸೇರುವಾಗ ಬರೆದಿಟ್ಟಿದ್ದ ಎತ್ತರದೊಂದಿಗೆ ಹೋಲಿಸಿ ಮಾಡಿದ ಸೂತ್ರಗಳವು. ಬಿಳಿಯ ಗಂಡಸರದಾದರೆ ತೊಡೆಮೂಳೆಯ ಉದ್ದವನ್ನು 2.38ರಿಂದ ಗುಣಿಸಿ 61.41 ಕೂಡಿಸಬೇಕು. 45 ಸೆಂಟಿಮೀಟರ್ ಮೂಳೆಗೆ 168.5 ಸೆಂಟಿಮೀಟರ್ ಎತ್ತರ ಬರುತ್ತದೆ, ಮೂರು ಸೆಂಟಿಮೀಟರಿಗೂ ಮಿಕ್ಕಿದ ದೋಷದ ಅಂತರದೊಂದಿಗೆ. ಬೇರೆ ಜನರಲ್ಲಿ ಕಾಲು ಮತ್ತು ಮುಂಡದ ಅನುಪಾತ ಬೇರೆ, ಹಾಗಾಗಿ ಸೂತ್ರವೂ ಬೇರೆ ಬೇಕು. ಇದಕ್ಕಿಂತ ಸೂಕ್ಷ್ಮವಾದ ಸಮಸ್ಯೆ 1995ರಲ್ಲಿ ಹೊರಬಂತು. ಮೊಣಕಾಲ ಕೆಳಗಿನ ದೊಡ್ಡ ಮೂಳೆಯ ತುದಿಯಲ್ಲಿ, ಹಿಮ್ಮಡಿಗಂಟಿನ ಒಳಬದಿಗೆ ಉಬ್ಬಿ ಕಾಣುವ ಒಂದು ಭಾಗವಿದೆ. ಅದನ್ನು ಸೇರಿಸಿ ಅಳೆಯಬೇಕು ಅಂತ ಟ್ರಾಟರ್ ಅವರೇ ಬರೆದಿದ್ದರು. ಅವರು ಅಳೆದ ಮೂಳೆಗಳನ್ನು ರಿಚರ್ಡ್ ಜಾಂಟ್ಸ್ ಮತ್ತಿತರರು ಮತ್ತೆ ಅಳೆದಾಗ ಅಂಕಿಗಳು ಆ ಭಾಗವನ್ನು ಬಿಟ್ಟು ತೆಗೆದವು ಅಂತ ಗೊತ್ತಾಯಿತು. ಪುಸ್ತಕದ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರ ಲೆಕ್ಕವೆಲ್ಲ ಒಂದಿಷ್ಟು ಹೆಚ್ಚು ಎತ್ತರ ತೋರಿಸುತ್ತಿತ್ತು. ಮೂಳೆ ಉಳಿದಿದ್ದರಿಂದ ತಪ್ಪು ಸಿಕ್ಕಿತು.

ಸತ್ತು ಎಷ್ಟು ಕಾಲವಾಯಿತು ಅನ್ನುವ ಪ್ರಶ್ನೆ ಎಲ್ಲಕ್ಕಿಂತ ಜಟಿಲ. 1977ರಲ್ಲಿ ಅಮೆರಿಕದ ಟೆನೆಸಿಯಲ್ಲಿ ಕೆದಕಿದ ಒಂದು ಗೋರಿಯಲ್ಲಿ ಇನ್ನೂ ಮಾಂಸ ಉಳಿದಿದ್ದ ಶವ ಸಿಕ್ಕಿತು. ಮಾನವಶಾಸ್ತ್ರಜ್ಞ ವಿಲಿಯಂ ಬಾಸ್ ನೋಡಿ, ಸತ್ತು ಒಂದು ವರ್ಷದೊಳಗೆ ಅಂತ ಅಂದಾಜಿಸಿದರು. ಅದು 1864ರ ಅಂತರ್ಯುದ್ಧದಲ್ಲಿ ಮಡಿದ ಕರ್ನಲ್ ವಿಲಿಯಂ ಶೈ ಅವರ ದೇಹ! ಶವಕ್ಕೆ ಲೇಪನ ಮಾಡಿ ಗಾಳಿಯಾಡದ ಎರಕದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದರು. 113 ವರ್ಷದ ವ್ಯತ್ಯಾಸ. ಬಾಸ್ ಅದನ್ನು ಮುಚ್ಚಿಡಲಿಲ್ಲ. ದೇಹ ಕೊಳೆಯುವುದರ ಬಗ್ಗೆ ಶಾಸ್ತ್ರಕ್ಕೆ ಗೊತ್ತಿರುವುದು ಎಷ್ಟು ಕಡಿಮೆ ಅಂತ ಎಲ್ಲರಿಗೂ ಹೇಳಿದರು. ದಾನವಾಗಿ ಬಂದ ದೇಹಗಳನ್ನು ಬಿಸಿಲು, ನೆರಳು, ಮಣ್ಣಿನಲ್ಲಿಟ್ಟು ದಿನದಿನವೂ ಗಮನಿಸುವ ಕೇಂದ್ರವನ್ನು ನಾಕ್ಸ್‌ವಿಲ್‌ನಲ್ಲಿ ಕಟ್ಟಿದರು. ಇವತ್ತು ನ್ಯಾಯಾಲಯದಲ್ಲಿ ನಾವು ಧೈರ್ಯವಾಗಿ ಮಾತಾಡುವ ಎಷ್ಟೋ ವಿಷಯ ಅಲ್ಲಿ ಕಲಿತದ್ದು.

ಗಂಡೋ ಹೆಣ್ಣೋ ಅನ್ನುವುದನ್ನು ದೊಡ್ಡವರ ಸೊಂಟದ ಮೂಳೆ ಪೂರ್ತಿ ಇದ್ದರೆ ಹೆಚ್ಚಿನ ಸಲ ಸರಿಯಾಗಿ ಹೇಳಬಹುದು. ಇಲ್ಲಿ ಅಡ್ಡ ಬರುವುದು ಬೇರೆಯದು. ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ವೈಕಿಂಗ್ ಕಾಲದ ಒಂದು ಗೋರಿ ಅಗೆದರು. ಕತ್ತಿ, ಕೊಡಲಿ, ಬಾಣ, ಎರಡು ಕುದುರೆ ಎಲ್ಲವೂ ಇದ್ದವು. ಯೋಧನೊಬ್ಬನ ಗೋರಿ ಅಂತ ನೂರು ವರ್ಷ ಬರೆದುಕೊಂಡು ಬಂದರು. ಮೂಳೆ ನೋಡಿದವರು ಹೆಣ್ಣು ಅಂದರೂ, ಕತ್ತಿಯ ಮಾತಿಗೆ ಇದ್ದ ಬೆಲೆ ಸೊಂಟದ ಮೂಳೆಯ ಮಾತಿಗೆ ಸಿಗಲಿಲ್ಲ. 2017ರಲ್ಲಿ ಡಿಎನ್‌ಎ ಪರೀಕ್ಷೆ ಹೆಣ್ಣು ಅಂತ ಖಚಿತಪಡಿಸಿತು.

ಇಲ್ಲಿಂದ ನಮ್ಮ ಶಾಸ್ತ್ರದ ಕರಾಳ ಭಾಗಕ್ಕೆ ಬರಬೇಕು. ಇದನ್ನು ಬಿಟ್ಟು ಮುಂದೆ ಹೋಗುವ ಹಕ್ಕು ನಮಗಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಫಿಲಡೆಲ್ಫಿಯಾದ ಸ್ಯಾಮ್ಯುಯೆಲ್ ಮಾರ್ಟನ್ ಜಗತ್ತಿನ ಮೂಲೆಮೂಲೆಯಿಂದ ನೂರಾರು ತಲೆಬುರುಡೆ ತರಿಸಿಕೊಂಡರು. ಅವುಗಳಲ್ಲಿ ಕಾಳು, ಆಮೇಲೆ ಸೀಸದ ಗುಂಡು ತುಂಬಿ ಅಳೆದು, ಜನಾಂಗಗಳನ್ನು ಮೇಲು ಕೀಳು ಅಂತ ಸಾಲಿನಲ್ಲಿ ನಿಲ್ಲಿಸಿದರು. 2011ರಲ್ಲಿ ಆ ಬುರುಡೆಗಳನ್ನು ಮತ್ತೆ ಅಳೆದಾಗ ಮಾರ್ಟನ್ನರ ಅಳತೆ ಬಹುಮಟ್ಟಿಗೆ ಸರಿಯಾಗಿಯೇ ಇತ್ತು. ಇದನ್ನು ಗಮನವಿಟ್ಟು ಕೇಳಿ. ಅಳತೆ ಸರಿ ಇದ್ದೂ ಶಾಸ್ತ್ರ ಸುಳ್ಳಾಗಬಹುದು. ಬುರುಡೆಯ ಗಾತ್ರ ದೇಹದ ಗಾತ್ರದ ಜೊತೆ, ಹವಾಮಾನದ ಜೊತೆ ಬದಲಾಗುತ್ತದೆ. ಯಾರು ಮೇಲು ಅನ್ನುವುದು ಅದರಲ್ಲಿ ಬರೆದಿರಲಿಲ್ಲ, ಮಾರ್ಟನ್ ತಂದು ಸೇರಿಸಿದ್ದು. ಸಂಗ್ರಹಕ್ಕೆ ಬುರುಡೆ ಬಂದದ್ದಾದರೂ ಹೇಗೆ? ಗುಲಾಮರ ಗೋರಿಗಳಿಂದ, ಯುದ್ಧಭೂಮಿಗಳಿಂದ, ಯಾರ ಒಪ್ಪಿಗೆಯೂ ಇಲ್ಲದೆ. ಆ ಸಂಗ್ರಹ ಇಟ್ಟುಕೊಂಡಿದ್ದ ಪೆನ್ ಮ್ಯೂಸಿಯಂ 2021ರಲ್ಲಿ ಸಾರ್ವಜನಿಕವಾಗಿ ಕ್ಷಮೆ ಕೇಳಿತು.

ಈ ಮೇಲು ಕೀಳಿನ ಲೆಕ್ಕಕ್ಕೆ ಒಳಗಿನಿಂದಲೇ ಉತ್ತರ ಕೊಟ್ಟವರೂ ಇದ್ದರು. ಫ್ರಾಂಜ್ ಬೋವಾಸ್ 1908ರಿಂದ 1910ರವರೆಗೆ ನ್ಯೂಯಾರ್ಕಿನಲ್ಲಿ ವಲಸೆ ಬಂದವರು ಮತ್ತು ಅವರ ಮಕ್ಕಳು ಸೇರಿ ಸುಮಾರು 18 ಸಾವಿರ ಜನರ ತಲೆ ಅಳೆಸಿದರು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ತಂದೆತಾಯಿಯರದಕ್ಕಿಂತ ಬೇರೆಯಾಗಿತ್ತು. ಎಷ್ಟು ಬೇರೆ ಅನ್ನುವ ಚರ್ಚೆ ಇವತ್ತಿಗೂ ಇದೆ, ಆದರೆ ತಲೆಯ ಆಕಾರ ಜನಾಂಗದ ಅಚ್ಚಳಿಯದ ಮುದ್ರೆ ಅನ್ನುವ ನಂಬಿಕೆಗೆ ಅಲ್ಲಿಂದ ಪೆಟ್ಟು ಬಿತ್ತು. 1972ರಲ್ಲಿ ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್, ಮನುಷ್ಯರ ನಡುವಿನ ಆನುವಂಶಿಕ ವ್ಯತ್ಯಾಸದಲ್ಲಿ ಸುಮಾರು ಶೇಕಡಾ 85ರಷ್ಟು ಒಂದೇ ಗುಂಪಿನ ಒಳಗೇ ಇದೆ ಅಂತ ಲೆಕ್ಕ ಹಾಕಿ ತೋರಿಸಿದರು.

ಆದರೂ ಹಳೆಯ ಅಭ್ಯಾಸ ಸುಲಭಕ್ಕೆ ಹೋಗುವುದಿಲ್ಲ. 1996ರಲ್ಲಿ ಅಮೆರಿಕದ ಕೊಲಂಬಿಯಾ ನದಿಯ ದಡದಲ್ಲಿ ಸುಮಾರು ಎಂಟೂವರೆ ಸಾವಿರ ವರ್ಷ ಹಳೆಯ ಅಸ್ಥಿಪಂಜರ ಸಿಕ್ಕಿತು, ಕೆನೆವಿಕ್ ಮನುಷ್ಯ ಅಂತ ಹೆಸರಾಯಿತು. ಬುರುಡೆಯ ಆಕಾರ ಇವತ್ತಿನ ಮೂಲನಿವಾಸಿಗಳಂತಿಲ್ಲ ಅನ್ನುವ ಮಾತು ಹಬ್ಬಿತು. ಅಲ್ಲಿನ ಮೂಲನಿವಾಸಿಗಳು, ಇವನು ನಮ್ಮ ಹಿರಿಯ, ಮಣ್ಣು ಮಾಡಲು ನಮಗೆ ಕೊಡಿ ಅಂದರು. ವಿಜ್ಞಾನಿಗಳ ಒಂದು ಗುಂಪು ಕೋರ್ಟಿಗೆ ಹೋಗಿ, ಅಧ್ಯಯನ ಮಾಡುವ ಹಕ್ಕನ್ನು 2004ರಲ್ಲಿ ಗೆದ್ದಿತು. 2015ರಲ್ಲಿ ಡಿಎನ್‌ಎ ಓದಿದಾಗ ಅವನು ಬೇರೆಲ್ಲರಿಗಿಂತ ಅಮೆರಿಕದ ಮೂಲನಿವಾಸಿಗಳಿಗೇ ಹತ್ತಿರದವನಾಗಿದ್ದ. 2017ರಲ್ಲಿ ಅವನನ್ನು ಅವನ ಜನ ಮತ್ತೆ ಮಣ್ಣಿಗೆ ಸೇರಿಸಿದರು. ಅಧ್ಯಯನವೇ ಬೇಡವಾಗಿತ್ತು ಅಂತ ನಾನು ಹೇಳುವುದಿಲ್ಲ, ಕೊನೆಗೆ ನಿಜ ತಿಳಿದದ್ದೂ ಅಧ್ಯಯನದಿಂದಲೇ. ಆದರೆ ಒಂದು ಬುರುಡೆಯ ಆಕಾರವನ್ನು ನೆಚ್ಚಿ, ಅವನ ವಾರಸುದಾರರನ್ನು ಇಪ್ಪತ್ತು ವರ್ಷ ಹೊರಗೆ ನಿಲ್ಲಿಸಿದ್ದು ಸರಿಯಲ್ಲ.

ಬದುಕಿರುವವರ ಜೊತೆ ಕೆಲಸ ಮಾಡುವಾಗಲೂ ಇದೇ ಮಾತು. ಟಾಂಜಾನಿಯಾದ ಹಡ್ಜಾ ಜನ ಬೇಟೆಯಾಡಿ, ಗೆಡ್ಡೆಗೆಣಸು ಅಗೆದು, ದಿನವಿಡೀ ನಡೆಯುತ್ತಾರೆ. ಕೂತು ಕೆಲಸ ಮಾಡುವವರಿಗಿಂತ ಅವರ ದೇಹ ಹೆಚ್ಚು ಶಕ್ತಿ ಖರ್ಚು ಮಾಡಬೇಕು ಅಂತ ಎಲ್ಲರೂ ನಂಬಿದ್ದರು. ಹರ್ಮನ್ ಪಾಂಟ್ಜರ್ ಮತ್ತು ಸಂಗಡಿಗರು ಐಸೊಟೋಪ್ ಬೆರೆಸಿದ ನೀರು ಕುಡಿಸಿ ಅಳೆದು 2012ರಲ್ಲಿ ಪ್ರಕಟಿಸಿದ ಫಲಿತಾಂಶ ಬೇರೆಯೇ: ದೇಹದ ಗಾತ್ರ ಲೆಕ್ಕಕ್ಕೆ ತೆಗೆದುಕೊಂಡರೆ ಇಬ್ಬರ ದಿನದ ಖರ್ಚೂ ಹೆಚ್ಚುಕಡಿಮೆ ಒಂದೇ. ಅಳೆಯುವ ತನಕ ಗೊತ್ತಾಗದ ಸತ್ಯ ಇದು. ಇನ್ನೊಂದು ಕಡೆ, ಅರಿಜೋನಾದ ಹವಾಸುಪಾಯಿ ಜನ ತಮ್ಮಲ್ಲಿ ಹೆಚ್ಚಿದ್ದ ಸಕ್ಕರೆ ಕಾಯಿಲೆಯ ಕಾರಣ ತಿಳಿಯಲೆಂದು 1990ರಿಂದ ರಕ್ತ ಕೊಟ್ಟರು. ಅದೇ ರಕ್ತವನ್ನು ಅವರಿಗೆ ತಿಳಿಸದೆ ಬೇರೆ ಅಧ್ಯಯನಗಳಿಗೂ ಬಳಸಲಾಯಿತು. ವರ್ಷಗಟ್ಟಲೆ ಹೋರಾಡಿದ ಮೇಲೆ 2010ರಲ್ಲಿ ಅವರಿಗೆ ಪರಿಹಾರವೂ ಉಳಿದ ರಕ್ತವೂ ವಾಪಸ್ ಸಿಕ್ಕಿತು. ಒಪ್ಪಿಗೆ ಪತ್ರದಲ್ಲಿ ಸಹಿ ಇದ್ದರೆ ಸಾಲದು, ಕೊಟ್ಟವರು ಯಾವುದಕ್ಕೆ ಕೊಟ್ಟೆವು ಅಂತ ತಿಳಿದಿದ್ದಾರೋ ಅದಕ್ಕಷ್ಟೇ ನಮಗೆ ಅಧಿಕಾರ.

ಈ ಕೆಲಸ ಮಾಡಿ ಏನು ಉಪಯೋಗ ಅಂತ ಕೇಳುವವರಿಗೆ ನಾನು ಅರ್ಜೆಂಟೀನಾದ ಉದಾಹರಣೆ ಕೊಡುತ್ತೇನೆ. ಸೇನಾಡಳಿತದ ಕಾಲದಲ್ಲಿ ಸಾವಿರಾರು ಜನರನ್ನು ಎಳೆದೊಯ್ದು ಕೊಂದು, ಹೆಸರಿಲ್ಲದ ಗೋರಿಗಳಲ್ಲಿ ಹೂತರು. 1984ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞ ಕ್ಲೈಡ್ ಸ್ನೋ ಅಲ್ಲಿಗೆ ಹೋಗಿ ಕೆಲವು ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಆ ವಿದ್ಯಾರ್ಥಿಗಳೇ ಕಟ್ಟಿದ ತಂಡ ಇವತ್ತಿಗೂ ಕೆಲಸ ಮಾಡುತ್ತಿದೆ, ಬೇರೆ ಬೇರೆ ದೇಶಗಳಿಗೂ ಹೋಗಿದೆ. ಸೇನಾಡಳಿತದ ಮುಖ್ಯಸ್ಥರ ಮೇಲೆ 1985ರಲ್ಲಿ ನಡೆದ ವಿಚಾರಣೆಯಲ್ಲಿ ಸ್ನೋ ಮೂಳೆಗಳ ಚಿತ್ರ ತೋರಿಸಿ ಸಾಕ್ಷಿ ಹೇಳಿದರು. ಗುಂಡು ಎಲ್ಲಿಂದ ಹೊಕ್ಕಿತು ಅನ್ನುವುದನ್ನು ಬುರುಡೆಯ ತೂತಿನ ಅಂಚು ಹೇಳುತ್ತದೆ: ಹೊಕ್ಕ ಕಡೆ ಒಳಮೈ ಅಗಲವಾಗಿ ಕಿತ್ತಿರುತ್ತದೆ, ಹೊರಬಿದ್ದ ಕಡೆ ಹೊರಮೈ. ಅಧಿಕಾರದಲ್ಲಿದ್ದವರು ಅಲ್ಲಗಳೆದದ್ದನ್ನು ಮೂಳೆ ಅಲ್ಲಗಳೆಯಲು ಬಿಡಲಿಲ್ಲ.

ಈ ದಾರಿಗೆ ಬರಬೇಕು ಅನ್ನುವವರು ನಿಮ್ಮಲ್ಲಿ ಕೆಲವರಾದರೂ ಇರಬಹುದು. ಅಂಗರಚನೆ ಚೆನ್ನಾಗಿ ಕಲಿಯಿರಿ, ಅದೂ ಬೆರಳಿನಿಂದ. ಕಣ್ಣು ಮುಚ್ಚಿ ಕೈಗಿಟ್ಟ ಬೆರಳಮೂಳೆ ಕೈಯದೋ ಕಾಲಿನದೋ ಅಂತ ಹೇಳಲು ಬರಬೇಕು. ಸಂಖ್ಯಾಶಾಸ್ತ್ರ ಕಷ್ಟ ಅಂತ ದೂರ ಇಡಬೇಡಿ, ನಾನು ಇವತ್ತು ಹೇಳಿದ ವ್ಯಾಪ್ತಿಗಳೆಲ್ಲ ಅಲ್ಲಿಂದ ಬಂದವು. ಮೊದಲ ದಿನದಿಂದ ಒಂದು ಅಭ್ಯಾಸ ಇಟ್ಟುಕೊಳ್ಳಿ. ಒಂದು ಮೂಳೆಯನ್ನು ಇವತ್ತು ಅಳೆದು ಬರೆದಿಡಿ. ಒಂದು ವಾರ ಬಿಟ್ಟು, ಹಳೆಯ ಅಂಕಿ ನೋಡದೆ, ಅದೇ ಮೂಳೆಯನ್ನು ಮತ್ತೆ ಅಳೆಯಿರಿ. ಆಮೇಲೆ ಪಕ್ಕದವರ ಕೈಯಲ್ಲೂ ಅಳೆಸಿ. ಮೂರು ಅಂಕಿಗಳೂ ಒಂದೇ ಬರುವುದು ಅಪರೂಪ. ಅವುಗಳ ನಡುವಿನ ವ್ಯತ್ಯಾಸ ಎಷ್ಟು ಅಂತ ನಿಮ್ಮ ವರದಿಯ ಮೊದಲ ಪುಟದಲ್ಲೇ ಬರೆಯಿರಿ.